ಹೂದಾನಿಗೂ ಹೆಗಲಿದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಚೀನಾದ ಪುರಾತನ ಕಲಾವಸ್ತುಗಳ ಆಕಾರವನ್ನು ಉಡುಪಿಗೆ ತರುವ ಶಿಲ್ಪದಂಥ ಹೊಲಿಗೆಯ ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನೀಲಿ-ಬಿಳಿ ಪಿಂಗಾಣಿ ಹೂದಾನಿಯಂತೆ ಕಾಣುವ ಗೌನುಗಳ ಚಿತ್ರಗಳನ್ನು ನೋಡಿದ್ದೇನೆ. ಪಿಂಗಾಣಿಯ ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚೊತ್ತಿದರೆ ಅದನ್ನೇ ಶಿಲ್ಪದಂಥ ಹೊಲಿಗೆ ಎನ್ನಬಹುದೇ?
— ಫ್ಯಾಷನ್ ಡಿಸೈನ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಎನ್ನಲಾಗದು. ಚಿತ್ತಾರವೇ ಬೇರೆ, ಆಕಾರವೇ ಬೇರೆ. ಇಟಲಿಯ ಉಡುಪು ವಿನ್ಯಾಸಕ ರಾಬರ್ಟೊ ಕವಾಲಿ 2005ರಲ್ಲಿ ಮಾಡಿದ ನೀಲಿ-ಬಿಳಿ ಸ್ಯಾಟಿನ್ ಗೌನು ಬಹಳ ಹೆಸರು ಮಾಡಿತು. ಆದರೆ ಅದು ಮೈಗೆ ಅಂಟಿಕೊಂಡು ನಿಲ್ಲುವ ಉಡುಪು. ಅಲ್ಲಿ ಹೂದಾನಿಯಾಗುವುದು ತೊಟ್ಟವಳ ದೇಹವೇ ಹೊರತು ಬಟ್ಟೆಯಲ್ಲ. ಯಾವ ಬಳ್ಳಿ ಸೊಂಟದ ಮೇಲೆ ಬರಬೇಕು, ಯಾವ ಹೂವು ಮೊಣಕಾಲಿನ ಬಳಿ ಅರಳಬೇಕು ಎಂಬ ಲೆಕ್ಕಾಚಾರದಲ್ಲಿ ಆ ಗೌನಿನ ಜಾಣ್ಮೆಯಿದೆ. ಶಿಲ್ಪದಂಥ ಹೊಲಿಗೆಯಲ್ಲಾದರೋ ಬಟ್ಟೆ ಮೈಯನ್ನು ಬಿಟ್ಟು ನಿಲ್ಲಬೇಕು. ಮೈಗೂ ಬಟ್ಟೆಗೂ ನಡುವೆ ಗಾಳಿಯಿರಬೇಕು, ಆ ಗಾಳಿಗೂ ಒಂದು ಆಕಾರವಿರಬೇಕು.

ಚೀನೀಯರು ‘ಮೇಯ್‌ಪಿಂಗ್’ ಎಂದು ಕರೆಯುವ ಹೂದಾನಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಬಾಯಿ ಚಿಕ್ಕದು, ಕಂಠ ಗಿಡ್ಡ. ಕಂಠ ಮುಗಿದ ಕೂಡಲೇ ಹೆಗಲು ದುಂಡಗೆ ಉಬ್ಬಿ, ಇಡೀ ಪಾತ್ರೆಯ ಅತಿ ಅಗಲವಾದ ಭಾಗ ಅಲ್ಲಿಯೇ ಬಂದು, ಬಳಿಕ ಒಡಲು ಬುಡದವರೆಗೆ ನಿಧಾನವಾಗಿ ಸಣ್ಣಗಾಗುತ್ತ ಇಳಿಯುತ್ತದೆ. ಮನುಷ್ಯರ ಹೆಗಲು ಹಾಗಿಲ್ಲ, ಅದು ಕತ್ತಿನಿಂದ ಇಳಿಜಾರಾಗಿ ಜಾರುತ್ತದೆ. ಆದ್ದರಿಂದ ಈ ಪಾತ್ರೆಯ ಹೆಗಲನ್ನು ಜಾಕೆಟ್ಟಿಗೆ ತರಬೇಕೆಂದರೆ ಮೈ ಇಲ್ಲದ ಕಡೆಯಲ್ಲಿ ಬಟ್ಟೆಯನ್ನು ನಿಲ್ಲಿಸಬೇಕಾಗುತ್ತದೆ. ಬಾಯಿ, ಕತ್ತು, ಹೆಗಲು, ಹೊಟ್ಟೆ, ಪಾದ ಎಂದು ಪಾತ್ರೆಗೆ ಮನುಷ್ಯನ ಅಂಗಗಳ ಹೆಸರನ್ನೇ ಇಟ್ಟವರು ಚೀನೀಯರು. ನಾವೂ ಕೊಡದ ಕಂಠ, ಗಡಿಗೆಯ ಹೊಟ್ಟೆ ಎನ್ನುತ್ತೇವೆ. ಇನ್ನು ನಮ್ಮ ಟೇಲರುಗಳ ಬಾಯಲ್ಲಿ ಈ ಮಾತು ತಿರುಗುಮುರುಗಾಗಿ ಬರುತ್ತದೆ: ‘ಪಾಟ್ ನೆಕ್’ ಬ್ಲೌಸಿನ ಬೆನ್ನಿನಲ್ಲಿ ಮಡಕೆಯಿದೆ, ‘ಕಟೋರಿ ಬ್ಲೌಸ್’ ಎಂಬ ಹೆಸರಿನಲ್ಲೇ ಬಟ್ಟಲಿದೆ.

ಪ್ರಶ್ನೆ: ಹಾಗಾದರೆ ಪುರಾತನ ಚೀನೀಯರೇ ಇಂಥ ಸೆಟೆದು ನಿಲ್ಲುವ ಉಡುಪನ್ನು ತೊಡುತ್ತಿದ್ದರೇ?
— ನಿವೃತ್ತ ಇತಿಹಾಸ ಅಧ್ಯಾಪಕರು, ಮೈಸೂರು

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ಹೆಚ್ಚಿನವರ ಗ್ರಹಿಕೆ ತಪ್ಪುವುದು ಇಲ್ಲಿಯೇ. ಚೀನಾದ ಸಾಂಪ್ರದಾಯಿಕ ನಿಲುವಂಗಿಯ ಕತ್ತರಿಕೆ ಚಪ್ಪಟೆಯದು. ಬಟ್ಟೆಯನ್ನು ಹೆಗಲಿನ ಮೇಲೆ ಮಡಿಸಿ ಮುಂಭಾಗ, ಹಿಂಭಾಗ, ತೋಳಿನ ಮೇಲ್ಭಾಗ ಎಲ್ಲವನ್ನೂ ಒಂದೇ ಹಾಸಿನಲ್ಲಿ ತೆಗೆಯುತ್ತಿದ್ದರು; ಹೆಗಲಿಗೆ ಹೊಲಿಗೆ ಇರುತ್ತಿರಲಿಲ್ಲ, ಮೈಯ ಉಬ್ಬುತಗ್ಗಿಗೆ ಹೊಂದಿಸಲು ಹಿಡಿದು ಹೊಲಿಯುವ ಮಡಿಕೆ, ಅಂದರೆ ಟಕ್ಸ್ ಇರುತ್ತಿರಲಿಲ್ಲ. ಬಿಚ್ಚಿ ನೆಲಕ್ಕೆ ಹಾಸಿದರೆ ಅದು ಚಾಪೆಯಂತೆ ಮಟ್ಟಸವಾಗಿ ಮಲಗುತ್ತದೆ. ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ಅಗೆದ ಹಾನ್ ಅರಸರ ಕಾಲದ ಸಾಮಂತ ಮನೆತನದ ಮಹಿಳೆಯೊಬ್ಬರ ಸಮಾಧಿಯಲ್ಲಿ ರೇಷ್ಮೆಯ ನಿಲುವಂಗಿಯೊಂದು ದೊರೆಯಿತು: ಉದ್ದ 128 ಸೆಂಟಿಮೀಟರ್, ತೂಕ ಕೇವಲ 49 ಗ್ರಾಂ. ಎರಡು ಸಾವಿರ ವರ್ಷಗಳ ಹಿಂದಿನ ಆ ನೇಕಾರರು ಬಟ್ಟೆಯನ್ನು ಇಲ್ಲವೆನ್ನುವಷ್ಟು ಹಗುರ ಮಾಡಲು ಹೊರಟಿದ್ದರೇ ವಿನಾ ನಿಲ್ಲಿಸಲು ಅಲ್ಲ. ಚೀನಾದ ನವಿರು ರೇಷ್ಮೆಯನ್ನು ನಮ್ಮವರು ಚೀನಾಂಬರವೆಂದು ಕರೆದದ್ದೂ ಸುಮ್ಮನೆ ಅಲ್ಲ.

ಸೆಟೆದು ನಿಂತ ಉಡುಪೊಂದು ಅವರಲ್ಲಿ ಇತ್ತು ಎನ್ನುವುದಾದರೆ ಅದು ಸತ್ತವರದು. ಹೆಬೇಯ್ ಪ್ರಾಂತದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ರಾಜಕುಮಾರ ಲಿಯು ಶೆಂಗ್ ಮತ್ತು ಆತನ ಪತ್ನಿ ದೋವ್ ವಾನ್ ಅವರ ಸಮಾಧಿಗಳು ಸಿಕ್ಕವು. ಆತ ತೀರಿಕೊಂಡದ್ದು ಕ್ರಿ.ಪೂ. 113ರಲ್ಲಿ. ಆತನ ಶವಕ್ಕೆ ತೊಡಿಸಿದ್ದ ಜೇಡ್ (ಹಸಿರು ಛಾಯೆಯ ಗಟ್ಟಿ ಕಲ್ಲು) ಕವಚದಲ್ಲಿ 2498 ಹಲಗೆಗಳಿವೆ. ಪ್ರತಿಯೊಂದರ ಮೂಲೆಗಳಲ್ಲಿ ರಂಧ್ರ ಕೊರೆದು ಒಟ್ಟು ಸುಮಾರು 1.1 ಕಿಲೋ ಚಿನ್ನದ ತಂತಿಯಿಂದ ಒಂದಕ್ಕೊಂದು ಹೆಣೆದಿದ್ದಾರೆ. ಮಂಡಿ, ಮೊಣಕೈ, ಬೆರಳು ಎಲ್ಲಕ್ಕೂ ಅಳತೆಗೆ ತಕ್ಕ ತುಂಡುಗಳು. ಜೇಡ್ ದೇಹವನ್ನು ಕೆಡದಂತೆ ಕಾಯುತ್ತದೆ ಎಂಬ ನಂಬಿಕೆಯಿಂದ ಮಾಡಿದ್ದು. ದೇಹ ಕರಗಿಹೋಯಿತು, ಉಡುಪು ಉಳಿಯಿತು.

ಹೀಗಾಗಿ ಇಂದು ಹೂದಾನಿಯಂತೆ ನಿಲ್ಲುವ ಜಾಕೆಟ್ಟನ್ನು ನೋಡಿ ‘ಅಪ್ಪಟ ಚೀನೀ’ ಎಂದರೆ ಅರ್ಧ ಸತ್ಯವಾಗುತ್ತದೆ. ಅದರ ಆಕಾರ ಚೀನಾದ ಕುಂಬಾರನದು. ಅದನ್ನು ನಿಲ್ಲಿಸಿದ ವಿದ್ಯೆ ಒಳಗೆ ಕ್ಯಾನ್ವಾಸ್ ಕೊಟ್ಟು ಕೋಟು ಕಟ್ಟುವ ಯುರೋಪಿನ ದರ್ಜಿಯದು. ಮೈಗೆ ಒಪ್ಪುವಂತೆ ಹೊಲಿಯುವ ಚೀನೀ ಹೆಂಗಸರ ಚಿಪಾವ್ ನಿಲುವಂಗಿಗೂ ಟಕ್ಸ್ ಬಂದದ್ದು 20ನೇ ಶತಮಾನದಲ್ಲಿ.

ಪ್ರಶ್ನೆ: ನಿಜವಾದ ಪಿಂಗಾಣಿ ಚೂರುಗಳಿಂದಲೇ ಉಡುಪು ಮಾಡುವವರಿದ್ದಾರಂತೆ. ಪುರಾತನ ವಸ್ತುಗಳನ್ನು ಒಡೆಯುವುದು ಅನ್ಯಾಯವಲ್ಲವೇ?
— ಗೃಹಿಣಿ, ಮಂಗಳೂರು

ಉತ್ತರ: ಬೀಜಿಂಗ್‌ನ ಕಲಾವಿದ ಲಿ ಶಿಯಾವ್‌ಫೆಂಗ್ ಅವರ ಕೆಲಸ ನಿಮ್ಮ ಮನಸ್ಸಿನಲ್ಲಿರಬೇಕು. ಅವರು ಬಳಸುವುದು ಮೊದಲೇ ಒಡೆದುಹೋದ ಸೋಂಗ್, ಮಿಂಗ್, ಚಿಂಗ್ ಅರಸುಮನೆತನಗಳ ಕಾಲದ ಪಾತ್ರೆಗಳ ಚೂರುಗಳನ್ನು. ಚೂರುಗಳ ಅಂಚನ್ನು ಉಜ್ಜಿ ನಯಮಾಡಿ, ರಂಧ್ರ ಕೊರೆದು, ಬೆಳ್ಳಿಯ ತಂತಿಯಿಂದ ಹೆಣೆದು, ಒಳಗೆ ಚರ್ಮದ ಉಡುಪನ್ನು ಕೊಡುತ್ತಾರೆ. ಮಾನ್‌ಚೆಂಗ್‌ನ ಜೇಡ್ ಕವಚದ ವಂಶಸ್ಥ ಎಂದರೆ ನನ್ನ ಮಟ್ಟಿಗೆ ಇದೇ. ಲಂಡನ್ನಿನ ಅಲೆಕ್ಸಾಂಡರ್ ಮೆಕ್‌ಕ್ವೀನ್ ಸಂಸ್ಥೆಗಾಗಿ ಸಾರಾ ಬರ್ಟನ್ 2011ರಲ್ಲಿ ಮಾಡಿದ ಗೌನಿನಲ್ಲಿಯೂ ಆರ್ಗಾಂಜಾ ಎಂಬ ತೆಳು ಗರಿಗರಿ ರೇಷ್ಮೆಯ ಜೊತೆಗೆ ನೀಲಿ-ಬಿಳಿ ಪಿಂಗಾಣಿಯ ಚೂರುಗಳಿವೆ. ಅಂದಹಾಗೆ, ಆ ನೀಲಿಯ ಕತೆಯೂ ಸರಳವಲ್ಲ: ಚೀನಾದ ಪಿಂಗಾಣಿ ನಗರ ಜಿಂಗ್‌ದೇಜೆನ್‌ನ 14ನೇ ಶತಮಾನದ ಕುಂಬಾರರು ನೀಲಿ ಬಣ್ಣಕ್ಕೆ ಬಳಸಿದ ಕೋಬಾಲ್ಟ್ ಖನಿಜ ಪರ್ಷಿಯಾ ಕಡೆಯಿಂದ ಬರುತ್ತಿತ್ತು, ಮತ್ತು ಎಲ್ಲರೂ ಚೀನಾದ್ದೆಂದು ಭಾವಿಸುವ ನೀಲಿ-ಬಿಳಿ ‘ವಿಲೋ’ ತಟ್ಟೆಯ ಮೇಲಿನ ಮರದ ಚಿತ್ರ ಹುಟ್ಟಿದ್ದು 18ನೇ ಶತಮಾನದ ಇಂಗ್ಲೆಂಡಿನಲ್ಲಿ.

ಪ್ರಶ್ನೆ: ನ್ಯೂಯಾರ್ಕಿನ ಸಮಾರಂಭದಲ್ಲಿ ಗಾಯಕಿ ರಿಹಾನಾ ತೊಟ್ಟ ಹಳದಿ ನಿಲುವಂಗಿಯೂ ಇದೇ ಬಗೆಯದೇ?
— ಓದುಗರು, ಶಿವಮೊಗ್ಗ

ಉತ್ತರ: ಭಾಗಶಃ ಹೌದು. ಬೀಜಿಂಗ್‌ನ ವಿನ್ಯಾಸಕಿ ಗುವೊ ಪೇಯ್ ಅವರ ಆ ನಿಲುವಂಗಿಯ ತೂಕ ಸುಮಾರು 25 ಕಿಲೋ, ಅಂದರೆ ಒಂದು ಅಕ್ಕಿ ಮೂಟೆಯಷ್ಟು. ಅದು ನಿಂತದ್ದು ಕಸೂತಿಯ ಮತ್ತು ಬಟ್ಟೆಯ ಭಾರದಿಂದ, ಒಳಗಿನ ಕಟ್ಟುವಿಕೆಯಿಂದಲ್ಲ. 2015ರಲ್ಲಿ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಚೀನೀ ಕಲೆ ಮತ್ತು ಪಾಶ್ಚಾತ್ಯ ಉಡುಪುಗಳ ನಂಟನ್ನು ತೋರಿಸಲು ಏರ್ಪಡಿಸಿದ ಪ್ರದರ್ಶನದ ಆರಂಭದ ಸಂಜೆ ರಿಹಾನಾ ಅದನ್ನು ತೊಟ್ಟಿದ್ದರು.

ಪ್ರಶ್ನೆ: ನಾನು ಇಪ್ಪತ್ತು ವರ್ಷದಿಂದ ಬ್ಲೌಸು, ಕೋಟು ಹೊಲಿಯುತ್ತಿದ್ದೇನೆ. ಇಂಥ ಆಕಾರವನ್ನು ನಮ್ಮ ಅಂಗಡಿಯಲ್ಲಿ ಮಾಡಲು ಸಾಧ್ಯವೇ? ಬಕ್ರಮ್ ಹಾಕಿ ನೋಡಿದೆ, ಒಮ್ಮೆ ಮಡಿಕೆ ಬಿದ್ದರೆ ಹಾಗೆಯೇ ಉಳಿಯುತ್ತದೆ.
— ಟೇಲರ್, ಹುಬ್ಬಳ್ಳಿ

ಉತ್ತರ: ಸಾಧ್ಯವಿದೆ. ಬಕ್ರಮ್ ಎಂಬ ಗಟ್ಟಿ ಒಳಬಟ್ಟೆ ಕಾಲರಿಗೆ ಸರಿ, ಉಬ್ಬಿಗೆ ಅಲ್ಲ. ಲೆಹಂಗಾದ ಕ್ಯಾನ್‌ಕ್ಯಾನ್ ನೆಟ್ ಉಬ್ಬನ್ನು ಕೊಟ್ಟರೂ ಅಂಚಿಗೆ ಸ್ಪಷ್ಟವಾದ ಗೆರೆಯನ್ನು ಕೊಡದು. ಹೊಕ್ಕಿನಲ್ಲಿ ಕುದುರೆಯ ಕೂದಲು ಸೇರಿಸಿ ನೇಯ್ದ ಕೋಟಿನ ಕ್ಯಾನ್ವಾಸ್ ಬಳಸಿ. ಬಟ್ಟೆ ಮತ್ತು ಕ್ಯಾನ್ವಾಸನ್ನು ಒಟ್ಟಿಗೆ ಎಡಗೈಯ ತೋರುಬೆರಳಿನ ಮೇಲೆ ಬಾಗಿಸಿ ಹಿಡಿದು, ಮೇಲಿನ ಬಟ್ಟೆಯ ಒಂದೇ ಒಂದು ಎಳೆ ಸಿಕ್ಕುವಂತೆ ಸಣ್ಣ ಓರೆ ಹೊಲಿಗೆಗಳನ್ನು ಸಾಲಾಗಿ ಹಾಕುತ್ತ ಹೋಗಬೇಕು. ಬೆರಳು ತೆಗೆದ ಮೇಲೂ ಬಾಗು ಉಳಿದರೆ ಹೊಲಿಗೆ ಸರಿಯಾಗಿದೆಯೆಂದು ತಿಳಿಯಿರಿ. ಬಳಿಕ ಮರದ ಹೊಟ್ಟು ತುಂಬಿದ ದುಂಡು ದಿಂಬಿನ ಮೇಲಿಟ್ಟು ಸ್ಟೀಮ್ ಇಸ್ತ್ರಿ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಮುಟ್ಟದಿರಿ. ಭಾರವೆಲ್ಲ ಹೆಗಲ ಮೇಲೆ ಬೀಳದಂತೆ ಒಳಗೆ ಸೊಂಟಕ್ಕೊಂದು ಬೆಲ್ಟ್ ಕೊಡುವುದು ಒಳ್ಳೆಯದು.

ಮಾದರಿ ಕತ್ತರಿಸುವುದಕ್ಕೆ ಮನೆಯ ಹಳೆಯ ಉಪ್ಪಿನಕಾಯಿ ಭರಣಿಯೇ ಸಾಕು. ಖಾಲಿ ಭರಣಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಕಾಗದದ ಅಂಟುಪಟ್ಟಿಯನ್ನು ಎರಡು ಪದರ ಅಂಟಿಸಿ. ಬಾಯಿಯಿಂದ ಬುಡದವರೆಗೆ ಸಮನಾಗಿ ಆರು ಗೆರೆ, ಅತಿ ಅಗಲವಾದ ಕಡೆ ಸುತ್ತಲೂ ಒಂದು ಗೆರೆ ಎಳೆದು, ಉದ್ದದ ಗೆರೆಗಳ ಮೇಲೆ ಕತ್ತರಿಸಿ ಬಿಡಿಸಿ. ತುಂಡು ಮೇಜಿನ ಮೇಲೆ ಹೆಗಲಿನ ಬಳಿ ಮಟ್ಟಸವಾಗಿ ಕೂರುವುದಿಲ್ಲ. ಅಲ್ಲಿ ಅಂಚಿನಿಂದ ಕತ್ತರಿ ಹಾಕಿದಾಗ ಬಾಯ್ಬಿಡುವ ಸಂದೇ ನಿಮ್ಮ ಟಕ್ಸ್. ಮೊದಲ ಸಲ ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿ. ರೇಷ್ಮೆಗೆ ಕತ್ತರಿ ಹಾಕುವ ಆತುರ ಬೇಡ.

ಪ್ರಶ್ನೆ: ಇಂಥ ಪಾತ್ರೆಗಳನ್ನು ನಮಗೆ ಹತ್ತಿರದಲ್ಲಿ ಎಲ್ಲಿ ನೋಡಬಹುದು?
— ಕಲಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿರುವುದು ನಿಜವಾದರೂ ಆಕಾರವನ್ನು ಕಲಿಯಬೇಕಾದವರಿಗೆ ಇಡೀ ಪಾತ್ರೆಯೇ ಬೇಕು. ನಿಮಗೆ ಹೈದರಾಬಾದ್ ದೂರವಲ್ಲ. ಅಲ್ಲಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿಯ ದೊಡ್ಡ ಸಂಗ್ರಹವಿದೆ. ಹೋದಾಗ ಚಿತ್ತಾರಕ್ಕೆ ಮರುಳಾಗದೆ ಒಂದೇ ಬಣ್ಣದ ಪಾತ್ರೆಯೊಂದನ್ನು ಆರಿಸಿಕೊಂಡು, ಅದರ ಅಂಚಿನ ಗೆರೆಯನ್ನಷ್ಟೇ ಪೆನ್ಸಿಲಿನಿಂದ ಬರೆದುಕೊಳ್ಳಿ.