ಆರ್‌ಟಿಇ ಸೀಟು ಎಂಟನೇ ತರಗತಿಗೆ ಮುಗಿಯಿತು. ಒಂಬತ್ತನೇ ತರಗತಿಯ ಶುಲ್ಕಕ್ಕೆ ನೆರವು ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ತುಮಕೂರಿನ ಖಾಸಗಿ ಶಾಲೆಯೊಂದರಲ್ಲಿ ಒಂದರಿಂದ ಎಂಟನೇ ತರಗತಿಯವರೆಗೆ ಓದಿದ್ದಾನೆ. ಒಂಬತ್ತನೆಯದಕ್ಕೆ ಶಾಲೆಯವರು 46,000 ರೂಪಾಯಿ ಕೇಳುತ್ತಿದ್ದಾರೆ. ನಿಮ್ಮ ಯಜಮಾನರು ಬಾಡಿಗೆ ಆಟೋ ಓಡಿಸುತ್ತಾರೆ, ನೀವು ಮನೆಯಲ್ಲಿ ಬಟ್ಟೆ ಹೊಲಿಯುತ್ತೀರಿ, ಚಿಕ್ಕ ಮಗಳು ಸರ್ಕಾರಿ ಶಾಲೆಯ ಆರನೇ ತರಗತಿಯಲ್ಲಿದ್ದಾಳೆ. ಈ ಹಣಕ್ಕೆ ಸರ್ಕಾರದಿಂದಲೋ ಟ್ರಸ್ಟ್‌ಗಳಿಂದಲೋ ಸಹಾಯ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಖಾಸಗಿ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಶುಲ್ಕ ಕಟ್ಟಿಸಿಕೊಳ್ಳುವುದೂ ರಿಯಾಯಿತಿ ಕೇಳಿ ಬಂದ ಅರ್ಜಿಗಳನ್ನು ಆಡಳಿತ ಮಂಡಳಿಯ ಮುಂದಿಡುವುದೂ ನನ್ನ ಕೆಲಸವಾಗಿದ್ದರಿಂದ, ಹಣ ನಿಜವಾಗಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಬರುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುವಂಥದ್ದು. ಖಾಸಗಿ ಶಾಲೆಗಳಲ್ಲಿ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಶೇ 25ರಷ್ಟು ಸೀಟುಗಳನ್ನು ಉಚಿತವಾಗಿ ಕೊಡಬೇಕೆನ್ನುವ ಅದರ ನಿಯಮವೂ ಎಂಟನೇ ತರಗತಿಗೆ ನಿಂತುಹೋಗುತ್ತದೆ. ಒಂಬತ್ತನೇ ತರಗತಿಗೆ ನಿಮ್ಮ ಮಗ ಬೇರೆಲ್ಲ ಮಕ್ಕಳಂತೆ ಶುಲ್ಕ ಕಟ್ಟುವ ವಿದ್ಯಾರ್ಥಿ. ಶುಲ್ಕ ಇಳಿಸಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲೆಗೆ ಆದೇಶ ಕೊಡಲಾರರು. ಅನುದಾನರಹಿತ ಶಾಲೆಗಳ ಶುಲ್ಕವನ್ನು ಸರ್ಕಾರ ನಿಯಂತ್ರಿಸಲು ಇದ್ದ ಕಲಂಗಳನ್ನು ಕರ್ನಾಟಕ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದುಪಡಿಸಿದೆ. ಹಾಗಾಗಿ ಕಚೇರಿಗಳಿಗೆ ಅಲೆದು ದುಡಿಮೆಯ ದಿನಗಳನ್ನು ಕಳೆದುಕೊಳ್ಳಬೇಡಿ. ಎಂಟು ವರ್ಷ ಒಂದೇ ಶಾಲೆಯಲ್ಲಿ ಬೆಳೆದ ಮಗುವನ್ನು ಹದಿನಾಲ್ಕರ ವಯಸ್ಸಿನಲ್ಲಿ ಬಾಗಿಲ ಹೊರಗೆ ನಿಲ್ಲಿಸುವ ಈ ವ್ಯವಸ್ಥೆ ನ್ಯಾಯವಾದುದಲ್ಲ ಎಂದೇ ನನ್ನ ಅಭಿಪ್ರಾಯ. ಹೈಸ್ಕೂಲಿನ ಎರಡು ವರ್ಷಗಳನ್ನೂ ಇದರೊಳಗೆ ಸೇರಿಸಬೇಕಿತ್ತು. ಆದರೆ ಈ ಜೂನ್‌ನಲ್ಲಿ ನಿಮಗೆ ಬೇಕಾಗಿರುವುದು ಹಣ.

ನೆರವು ಕೇಳಬೇಕಾದ ಮೊದಲ ಜಾಗ ನಿಮ್ಮ ಶಾಲೆಯೇ. ಬಹಳ ಮಂದಿ ಪೋಷಕರು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ವಿದ್ಯಾರ್ಥಿವೇತನ, ಟ್ರಸ್ಟ್, ನೆಂಟರು, ಬಡ್ಡಿ ಸಾಲ ಎಲ್ಲ ಮುಗಿದ ಮೇಲೆ, ಅವಮಾನದಿಂದ ತಲೆ ತಗ್ಗಿಸಿ ಶಾಲೆಗೆ ಬರುತ್ತಾರೆ. ನೀವು ಹಾಗೆ ಬರಬೇಕಾಗಿಲ್ಲ. ಆರ್‌ಟಿಇ ಮಗುವಿಗಾಗಿ ಸರ್ಕಾರ ಶಾಲೆಗೆ ಮರುಪಾವತಿಸುತ್ತಿದ್ದ ಮೊತ್ತ ವರ್ಷಕ್ಕೆ ಗರಿಷ್ಠ 16,000 ರೂಪಾಯಿ. ಅಂದರೆ ನಿಮ್ಮ ಶಾಲೆ ನಿನ್ನೆಯವರೆಗೆ ಸುಮಾರು ಅಷ್ಟು ಹಣಕ್ಕೆ ಇದೇ ಹುಡುಗನಿಗೆ ಇದೇ ಬೆಂಚಿನಲ್ಲಿ ಪಾಠ ಹೇಳಿದೆ. ಆ ಮೊತ್ತಕ್ಕೆ ಹತ್ತಿರವಾದುದನ್ನು ಕಟ್ಟುತ್ತೇವೆ ಎಂದು ನೀವು ಹೇಳಿದರೆ ಅದು ಭಿಕ್ಷೆಯಾಗುವುದಿಲ್ಲ, ಶಾಲೆಗೆ ಪರಿಚಯವಿರುವ ಲೆಕ್ಕವೇ ಆಗುತ್ತದೆ. ಆಡಳಿತ ಮಂಡಳಿಯವರ ಮುಂದೆ ಈ ಮಾತನ್ನು ವಿನಯದಿಂದ ಆಡಿದ ಪೋಷಕರಿಗೆ ಹೆಚ್ಚಿನ ಸಲ ಏನಾದರೂ ಸಿಕ್ಕಿದ್ದನ್ನು ಕಂಡಿದ್ದೇನೆ.

ಕೇಳುವ ಮೊದಲು 46,000 ರೂಪಾಯಿಯನ್ನು ಬಿಡಿಸಿ ಬರೆದುಕೊಡಿ ಎಂದು ಕಚೇರಿಯಲ್ಲಿ ಕೇಳಿ. ಬೋಧನಾ ಶುಲ್ಕ ಎಷ್ಟು, ಅಭಿವೃದ್ಧಿ ಶುಲ್ಕ ಎಷ್ಟು, ಪುಸ್ತಕ, ಸಮವಸ್ತ್ರ, ವ್ಯಾನ್, ಸ್ಮಾರ್ಟ್ ಕ್ಲಾಸ್ ಎಂದು ಎಷ್ಟೆಷ್ಟು ಹಾಕಿದ್ದಾರೆ ಎಂಬುದು ತಿಳಿದರೆ ಎಲ್ಲಿ ಇಳಿಸಲು ಸಾಧ್ಯ ಎಂಬುದು ಗೊತ್ತಾಗುತ್ತದೆ. ಪುಸ್ತಕ, ಸಮವಸ್ತ್ರ, ವ್ಯಾನಿನ ಹಣ ಸಾಮಾನ್ಯವಾಗಿ ಹೊರಗಿನವರಿಗೆ ಹೋಗುವುದರಿಂದ ಅದರಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕೈ ಹಾಕುವುದಿಲ್ಲ. ಬೋಧನಾ ಶುಲ್ಕ ಮತ್ತು ಅಭಿವೃದ್ಧಿ ಶುಲ್ಕ ಮಾತ್ರ ಅವರ ಕೈಯಲ್ಲಿರುವಂಥವು. ರಿಯಾಯಿತಿಯನ್ನು ಅಲ್ಲಿ ಕೇಳಿ, ಉಳಿದದ್ದನ್ನು ನೀವೇ ಕಡಿಮೆ ಮಾಡಿಕೊಳ್ಳಿ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಹತ್ತನೇ ತರಗತಿಗೆ ಹೋದ ಮಕ್ಕಳ ಹಳೆಯ ಪುಸ್ತಕಗಳೂ ಸಿಗುತ್ತವೆ. ಸಮವಸ್ತ್ರ ಹೊಲಿಯಲು ನಿಮಗೇ ಬರುತ್ತದೆ.

ಈಗ ಪತ್ರದ ವಿಷಯ. ಒಂದು ಮೇ ತಿಂಗಳಲ್ಲಿ ಬೀಡಿ ಕಟ್ಟುವ ತಾಯಿಯೊಬ್ಬರು ನೋಟ್‌ಪುಸ್ತಕದ ಹಾಳೆಯೊಂದರಲ್ಲಿ ಬರೆದು ತಂದ ಅರ್ಜಿ ನನಗೆ ಇವತ್ತಿಗೂ ನೆನಪಿದೆ. ಅದರಲ್ಲಿ ಕಷ್ಟದ ವಿವರ ಎರಡೇ ಸಾಲು ಇತ್ತು. ಆಮೇಲೆ, "ಜೂನ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ 1,500 ರೂಪಾಯಿಯಂತೆ ಹತ್ತು ಕಂತು ಕಟ್ಟಲು ನನ್ನಿಂದ ಖಂಡಿತ ಆಗುತ್ತದೆ, ಉಳಿದದ್ದನ್ನು ಮನ್ನಾ ಮಾಡಬೇಕೆಂದು ಕೋರುತ್ತೇನೆ" ಎಂದಿತ್ತು. ಹಿಂದಿನ ವರ್ಷದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಪ್ರತಿಗಳನ್ನು ಹಿಂದೆ ಸೇರಿಸಿ ಗುಂಡುಸೂಜಿ ಚುಚ್ಚಿದ್ದರು. ಕಾರ್ಯದರ್ಶಿಗಳು ಓದಿ, ಅದೇ ಹಾಳೆಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ "ಒಪ್ಪಿದೆ, ಎರಡೂ ವರ್ಷಕ್ಕೆ" ಎಂದು ಬರೆದು ಸಹಿ ಮಾಡಿದರು. ಅದೇ ವರ್ಷ ದಸರಾ ರಜೆ ಮುಗಿದ ಮೇಲೆ ಇನ್ನೊಬ್ಬ ತಂದೆ ಹೆಂಡತಿಯ ಓಲೆ ಅಡವಿಟ್ಟು ತಂದ ನೋಟುಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಮುಂದೆ ಎಣಿಸಿದರು. ಅವರ ಪರಿಸ್ಥಿತಿ ಆ ತಾಯಿಯದಕ್ಕಿಂತ ಕಠಿಣವಾಗಿತ್ತು. ಮೇ ತಿಂಗಳಲ್ಲೇ ಕೇಳಿದ್ದರೆ ಅವರಿಗೂ ಸಿಗುತ್ತಿತ್ತು. ಅಕ್ಟೋಬರಿನ ಹೊತ್ತಿಗೆ ಆ ವರ್ಷದ ರಿಯಾಯಿತಿಗಳೆಲ್ಲ ಹಂಚಿಹೋಗಿದ್ದವು. ಆ ನೋಟುಗಳಿಗೆ ರಸೀದಿ ಬರೆಯುವಾಗ ನನಗಾದ ಸಂಕಟವೇ ಇವತ್ತು ನಿಮಗೆ ಇಷ್ಟು ಉದ್ದ ಬರೆಯುವಂತೆ ಮಾಡಿದೆ.

ಆದ್ದರಿಂದ ಶಾಲೆ ಶುರುವಾಗುವ ಮುಂಚೆಯೇ ಪತ್ರ ಕೊಡಿ. ಮುಖ್ಯೋಪಾಧ್ಯಾಯರ ಮೂಲಕ ಕಾರ್ಯದರ್ಶಿಗಳಿಗೆ ಎಂದು ಬರೆಯಿರಿ, ಏಕೆಂದರೆ ಶುಲ್ಕ ಬಿಡುವ ಅಧಿಕಾರ ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರಿಗೆ ಇರುವುದಿಲ್ಲ, ಆದರೆ ಅವರ ಒಂದು ಒಳ್ಳೆಯ ಮಾತಿಗೆ ಬೆಲೆ ಇರುತ್ತದೆ. ಎಂಟನೇ ತರಗತಿಯ ಕ್ಲಾಸ್ ಟೀಚರ್ ಬಳಿ ನಾಲ್ಕು ಸಾಲಿನ ಶಿಫಾರಸು ಬರೆಸಿಕೊಳ್ಳಿ. ನಿಮ್ಮಿಂದ ಆಗುವ ಮೊತ್ತವನ್ನು ಉಬ್ಬಿಸದೆ ಬರೆಯಿರಿ. ಮೂರನೇ ಕಂತಿಗೇ ತಪ್ಪುವ 2,500ಕ್ಕಿಂತ ತಪ್ಪದೆ ಬರುವ 1,200 ಶಾಲೆಗೂ ಒಳ್ಳೆಯದು. ರಿಯಾಯಿತಿ ಒಂಬತ್ತು ಮತ್ತು ಹತ್ತು ಎರಡೂ ತರಗತಿಗೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಹತ್ತನೇ ತರಗತಿಯ ನಡುವೆ ಎಸ್ಸೆಸ್ಸೆಲ್ಸಿ ನೋಂದಣಿ ಶಾಲೆಯ ಮೂಲಕವೇ ಆಗುವುದರಿಂದ ಆಗ ಶಾಲೆ ಬದಲಾಯಿಸುವುದು ಕಷ್ಟ. ಬದಲಾಯಿಸುವುದಿದ್ದರೆ ಅದಕ್ಕೆ ಸರಿಯಾದ ಸಮಯ ಈ ವರ್ಷವೇ.

ಸರ್ಕಾರದ ವಿದ್ಯಾರ್ಥಿವೇತನಗಳ ಬಗ್ಗೆ ನೀವು ಇಟ್ಟುಕೊಂಡಿರುವ ನಿರೀಕ್ಷೆ ಸ್ವಲ್ಪ ದೊಡ್ಡದು. ಅವು ಸಿಗುತ್ತವೆ, ಆದರೆ ಖಾಸಗಿ ಶಾಲೆಯ ಶುಲ್ಕ ತುಂಬುವಷ್ಟು ಸಿಗುವುದಿಲ್ಲ. ಉದಾಹರಣೆಗೆ, ಪರಿಶಿಷ್ಟ ಜಾತಿಯ ಮಕ್ಕಳಿಗೆ 9 ಮತ್ತು 10ನೇ ತರಗತಿಯಲ್ಲಿ ಕೇಂದ್ರದ ಮೆಟ್ರಿಕ್ ಪೂರ್ವ ಯೋಜನೆಯಡಿ ಮನೆಯಿಂದ ಶಾಲೆಗೆ ಬರುವವರಿಗೆ ವರ್ಷಕ್ಕೆ 3,500 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ದಾಟಿರಬಾರದು. ಹಿಂದುಳಿದ ವರ್ಗದವರಿಗೂ ಬೇರೆ ಯೋಜನೆಗಳಿವೆ. ನಿಮ್ಮ ವರ್ಗ ಯಾವುದೇ ಆಗಿರಲಿ, ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಬಂದ ಹಣ ಎರಡು ಕಂತಿಗಾದರೂ ಆಯಿತು. ಅದಕ್ಕೆ ಶಾಲೆಯಿಂದ ಮಗನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಗೆ ಕೊಟ್ಟಿರುವ ಸಂಖ್ಯೆ), ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ನನ್ನ ಕಚೇರಿಯಲ್ಲಿ ಅರ್ಜಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಬಡತನದ ಪುರಾವೆ ಇಲ್ಲದೆ ಅಲ್ಲ, ಹೆಸರಿನ ಒಂದು ಇನಿಷಿಯಲ್‌ನಿಂದ: ಶಾಲೆಯ ದಾಖಲೆಯಲ್ಲಿ "ಕಿರಣ್ ಎಂ.", ಆಧಾರ್‌ನಲ್ಲಿ ಬರೀ "ಕಿರಣ್". ಇದನ್ನು ಈಗಲೇ ನೋಡಿ ಸರಿಪಡಿಸಿಕೊಳ್ಳಿ. ನಿಮ್ಮ ಯಜಮಾನರೋ ನೀವೋ ಕಟ್ಟಡ ಕಾರ್ಮಿಕರಾಗಿ ನೋಂದಾಯಿತರಾಗಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಕಾರ್ಮಿಕ ಕಲ್ಯಾಣ ಮಂಡಳಿಗೆ ವಂತಿಗೆ ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ, ಆ ಮಂಡಳಿಗಳಲ್ಲೂ ಮಕ್ಕಳ ಓದಿಗೆ ಸಹಾಯಧನವಿದೆ.

ಇಲ್ಲಿ ನಿಮ್ಮ ಮಗಳ ವಿಷಯ ಹೇಳದೆ ಇರಲಾರೆ. ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ, ಆದರೆ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆಯಬೇಕು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇ 50. ಪೋಷಕರ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಮಗನಿಗೆ ಆ ಬಾಗಿಲು ಮುಚ್ಚಿದೆ, ಮಗಳಿಗೆ ತೆರೆದಿದೆ. ಮಾನಸಿಕ ಸಾಮರ್ಥ್ಯದ ಒಂದು ಪತ್ರಿಕೆ, ಪಾಠಗಳ ಮೇಲೆ ಒಂದು ಪತ್ರಿಕೆ, ತಲಾ 90 ಪ್ರಶ್ನೆ. ಮುಂದಿನ ವರ್ಷದಿಂದಲೇ ಅವಳ ಶಿಕ್ಷಕರ ಬಳಿ ಹಳೆಯ ಪ್ರಶ್ನೆಪತ್ರಿಕೆ ಕೇಳಿ ಅಭ್ಯಾಸ ಮಾಡಿಸಿ.

ಟ್ರಸ್ಟ್‌ಗಳಿಗಿಂತ ಮೊದಲು ನಿಮ್ಮನ್ನು ಮುಖ ನೋಡಿ ಗುರುತಿಸುವವರ ಬಳಿ ಹೋಗಿ: ನೀವು ಸದಸ್ಯರಾಗಿರುವ ಪತ್ತಿನ ಸಹಕಾರ ಸಂಘ, ನಿಮ್ಮ ಜನಾಂಗದ ಸಂಘ, ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ, ಊರಿನ ರೋಟರಿ ಅಥವಾ ಲಯನ್ಸ್ ಕ್ಲಬ್. ಎಲ್ಲ ಹಣವನ್ನೂ ಒಬ್ಬರ ಬಳಿ ಕೇಳಬೇಡಿ. ಶಾಲೆ ಇಷ್ಟು ಬಿಟ್ಟಿದೆ, ನಾವು ಇಷ್ಟು ಕಟ್ಟುತ್ತೇವೆ, 8,000 ಮಾತ್ರ ಕೊರತೆ ಎಂದು ಶಾಲೆಯ ಸಹಿಯಿರುವ ಕಾಗದ ತೋರಿಸಿದರೆ ಕೊಡುವವರಿಗೆ ನಂಬಿಕೆ ಬರುತ್ತದೆ. ಚೆಕ್ಕನ್ನು ನೇರವಾಗಿ ಶಾಲೆಯ ಹೆಸರಿಗೇ ಬರೆಯಲು ಕೇಳಿ, ರಸೀದಿಯ ಪ್ರತಿಯನ್ನು ಅವರಿಗೆ ತಲುಪಿಸಿ. ವಾಟ್ಸಾಪ್‌ನಲ್ಲಿ ಬರುವ ವಿದ್ಯಾರ್ಥಿವೇತನದ ಲಿಂಕ್‌ಗಳಿಗೆ ಆಧಾರ್ ಸಂಖ್ಯೆಯನ್ನೋ ಒಟಿಪಿಯನ್ನೋ ಕೊಡಬೇಡಿ, ಮಗನ ಫೋಟೊ ಹಾಕಿ ಹಣ ಕೇಳುವುದೂ ಬೇಡ. ಆ ವಯಸ್ಸಿನ ಹುಡುಗರಿಗೆ ಅದು ತುಂಬಾ ನೋವು ಕೊಡುತ್ತದೆ.

ಬಡ್ಡಿ ಸಾಲ ಮಾತ್ರ ಬೇಡ. ನೂರಕ್ಕೆ ಮೂರು ರೂಪಾಯಿ ಎಂದರೆ ಕೇಳಲು ಚಿಕ್ಕದು, ಆದರೆ 46,000ಕ್ಕೆ ತಿಂಗಳಿಗೆ 1,380 ಬರೀ ಬಡ್ಡಿ. ಅಷ್ಟು ಹಣವನ್ನು ಪ್ರತಿ ತಿಂಗಳು ಶಾಲೆಗೇ ಕಟ್ಟಿದರೆ ಅದೇ ಒಂದು ಕಂತಾಗುತ್ತದೆ.

ಶಾಲೆ ಒಪ್ಪದಿದ್ದರೆ ಅಥವಾ ಬಿಟ್ಟದ್ದು ತೀರಾ ಕಡಿಮೆಯಾದರೆ ಮಗನನ್ನು ಅನುದಾನಿತ ಅಥವಾ ಸರ್ಕಾರಿ ಪ್ರೌಢಶಾಲೆಗೆ ಸೇರಿಸಿ; ಅದರಿಂದ ನಿಮ್ಮ ಗೌರವವೂ ಅವನ ಭವಿಷ್ಯವೂ ಕುಗ್ಗುವುದಿಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟ ಉಚಿತ. ಇಂಗ್ಲಿಷ್ ಮಾಧ್ಯಮ ಬೇಕೆಂದರೆ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ, ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ವಿಚಾರಿಸಿ. ಅನುದಾನಿತ ಶಾಲೆಗೆ ಹೋದಾಗ ಒಂದು ಮಾತನ್ನು ಮರೆಯದೆ ಕೇಳಿ: ಒಂದೇ ಕಟ್ಟಡದಲ್ಲಿ ಕನ್ನಡ ವಿಭಾಗಕ್ಕೆ ಅನುದಾನವಿದ್ದು ಇಂಗ್ಲಿಷ್ ವಿಭಾಗ ಅನುದಾನರಹಿತವಾಗಿರುವುದು ಎಷ್ಟೋ ಕಡೆ ಉಂಟು, ಆಗ ಶುಲ್ಕ ಮತ್ತೆ ಖಾಸಗಿ ಶಾಲೆಯದೇ ಆಗಿಬಿಡುತ್ತದೆ. ಕನ್ನಡ ಮಾಧ್ಯಮಕ್ಕೆ ಮಗ ಒಪ್ಪಿದರೆ, ಊಟ ವಸತಿಯೊಂದಿಗೆ ಉಚಿತವಾಗಿ ಓದಿಸುವ ಸಿದ್ಧಗಂಗಾ ಮಠ ನಿಮ್ಮ ಊರಿನಲ್ಲೇ ಇದೆ.

ವರ್ಗಾವಣೆ ಪತ್ರಕ್ಕೆ ಶಾಲೆಯವರು ಸತಾಯಿಸಿದರೆ ಆಗ ಖಂಡಿತ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅದು ಅವರ ಕೈಯಲ್ಲಿರುವ ಕೆಲಸ. ಎಂಟನೇ ತರಗತಿಯವರೆಗೆ ಆರ್‌ಟಿಇ ಸೀಟಿನಲ್ಲಿದ್ದ ಮಗುವಿನ ಬಾಕಿ ಬೋಧನಾ ಶುಲ್ಕ ಎಂದು ಯಾರಾದರೂ ಕೇಳಿದರೆ ಕಟ್ಟಬೇಡಿ, ಕಾಗದದಲ್ಲಿ ಬರೆದು ಕೊಡಿ ಎನ್ನಿ.

ಈ ವಾರವೇ ಶುಲ್ಕದ ವಿವರ ಬರೆಸಿಕೊಂಡು ಪತ್ರದ ಕರಡು ಸಿದ್ಧಮಾಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಮಗನ ಹೆಸರು, ಶಾಲೆಯ ಹೆಸರು ತೆಗೆದು ಆ ಕರಡನ್ನು ಈ ಉತ್ತರದ ಕೆಳಗೆ ಹಾಕಿದರೆ ನಾನು ಓದಿ ತಿದ್ದಿಕೊಡುತ್ತೇನೆ.