ಮುಳುಗಿದ ಹಡಗನ್ನು ಅಳೆಯಲು ಇನ್ನೂ ಟೇಪು ಯಾಕೆ?

ಸಮುದ್ರದಡಿಯ ಹಳೆಯ ಹಡಗುಗಳನ್ನು ದಾಖಲಿಸುವುದು ನನ್ನ ಕೆಲಸ. ನನಗೆ ಬರುವ ಪತ್ರಗಳಲ್ಲಿ ನಾಲ್ಕೈದು ಪ್ರಶ್ನೆಗಳೇ ತಿರುಗಿ ತಿರುಗಿ ಬರುತ್ತವೆ. ಮೊದಲನೆಯದಕ್ಕೆ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ.

ಪ್ರಶ್ನೆ: ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಗೋಪ್ರೊದಲ್ಲಿ ವಿಡಿಯೊ ತೆಗೆದೆ. ಸಾಫ್ಟ್‌ವೇರ್‌ಗೆ ಹಾಕಿದರೆ ಬಂಡೆಯ ಚೆಂದದ 3ಡಿ ಮಾಡೆಲ್ ಬಂತು. ಹಡಗಿಗೂ ಹೀಗೇ ಮಾಡಿದರೆ ಒಂದು ದಿನದ ಕೆಲಸ ಅಲ್ವಾ? ಟೇಪು ಹಿಡಿದು ತಿಂಗಳುಗಟ್ಟಲೆ ಯಾಕೆ ಮುಳುಗುತ್ತೀರಿ?

ನಿಮ್ಮ ಬಂಡೆ ಎಷ್ಟು ಉದ್ದ ಇದೆ? ಮಾಡೆಲ್ ನೋಡಿ ಹೇಳಿ. ಆಗುವುದಿಲ್ಲ. ಫೋಟೊಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಅಳತೆ ಗೊತ್ತಿರುವ ಒಂದು ಪಟ್ಟಿಯನ್ನಾದರೂ ಪಕ್ಕದಲ್ಲಿ ಇಡದಿದ್ದರೆ ನಿಮ್ಮ ಬಂಡೆ ಐದು ಮೀಟರೂ ಇರಬಹುದು, ಐವತ್ತೂ ಇರಬಹುದು. ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಅನ್ನುವುದೂ ಅದಕ್ಕೆ ತಿಳಿಯದು. ನೀರಿನೊಳಗೆ ಜಿಪಿಎಸ್ ಕೂಡ ಸಿಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ತಪ್ಪು. ನೀರು ಬೆಳಕನ್ನು ಬಾಗಿಸುತ್ತದೆ. ಚಪ್ಪಟೆ ಗಾಜಿನ ಹಿಂದಿರುವ ಲೆನ್ಸಿಗೆ ಎಲ್ಲವೂ ದೊಡ್ಡದಾಗಿ, ಅಂಚಿನಲ್ಲಿ ಎಳೆದ ಹಾಗೆ ಕಾಣುತ್ತದೆ. ಸಾಫ್ಟ್‌ವೇರ್ ಒಂದೊಂದು ಫೋಟೊವನ್ನು ಪಕ್ಕದ ಫೋಟೊಕ್ಕೆ ಹೊಂದಿಸುವಾಗ ಕೂದಲೆಳೆಯಷ್ಟು ತಪ್ಪುತ್ತದೆ. ಸಾವಿರ ಫೋಟೊ ದಾಟುವಾಗ ಅದೆಲ್ಲ ಕೂಡಿ ಸಮತಟ್ಟಾದ ನೆಲ ಬಾಣಲೆಯ ಹಾಗೆ ಬಾಗುತ್ತದೆ. ನೋಡಲು ಮಾತ್ರ ಸೊಗಸಾಗಿಯೇ ಇರುತ್ತದೆ! ಒಮ್ಮೆ ನಮ್ಮ ತಂಡವೇ ಇಂಥ ಮಾಡೆಲನ್ನು ಎರಡು ವಾರ ನಂಬಿಕೊಂಡು ಕೂತಿತ್ತು. ಯಾರದೋ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ತಾಗಿ, ಅಳತೆಗೆಂದು ನೆಲದಲ್ಲಿ ನೆಟ್ಟಿದ್ದ ಒಂದು ಗುರುತು ಜರುಗಿತ್ತು, ಯಾರೂ ಗಮನಿಸಿರಲಿಲ್ಲ. ಟೇಪಿನ ಅಳತೆ ಇದ್ದದ್ದಕ್ಕೆ ಬದುಕಿದೆವು.

ಹಡಗಿನ ವಿಷಯದಲ್ಲಿ ಬಾಗೇ ಮುಖ್ಯ ಸಾಕ್ಷಿ. ತಳ ಎಷ್ಟು ದುಂಡಗಿತ್ತು, ಹಲಗೆ ಎಲ್ಲಿ ತಿರುಗಿತು ಅನ್ನುವುದರಿಂದಲೇ ಅದು ಎಷ್ಟು ಸರಕು ಹೊರುತ್ತಿತ್ತು, ಹೇಗೆ ತೇಲುತ್ತಿತ್ತು ಎಂದು ಲೆಕ್ಕ ಹಾಕುತ್ತೇವೆ. ಸುಳ್ಳು ಬಾಗು ಸೇರಿದರೆ ಇಲ್ಲದ ಹಡಗನ್ನು ಕಟ್ಟಿದ ಹಾಗಾಗುತ್ತದೆ.

ಟರ್ಕಿಯ ಉಲುಬುರುನ್ ಹಡಗನ್ನೇ ನೋಡಿ. ಕ್ರಿ.ಪೂ. 14ನೇ ಶತಮಾನದ ಕೊನೆಯ ಹೊತ್ತಿಗೆ ಮುಳುಗಿದ್ದು. 1984ರಿಂದ 1994ರವರೆಗೆ ಅಗೆದರು. ಒಟ್ಟು 22,413 ಡೈವ್. 44 ಮೀಟರಿಗಿಂತ ಆಳ, ಹಾಗಾಗಿ ಒಂದು ಡೈವಿಗೆ ಕೆಳಗೆ ಸಿಗುತ್ತಿದ್ದದ್ದು ಸುಮಾರು 20 ನಿಮಿಷ. ಮರದ ಬಹುಪಾಲು ಹೋಗಿಬಿಟ್ಟಿತ್ತು. ಉಳಿದದ್ದು ಸರಕು: ಹತ್ತು ಟನ್ ತಾಮ್ರ, ಒಂದು ಟನ್ ತವರ, ಗಾಜಿನ ಗಟ್ಟಿ, ಹೂಜಿಗಳು. ತಾಮ್ರದ ಗಟ್ಟಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಾಲಾಗಿ ಕೂತಿದ್ದವು. ಮರ ಇಲ್ಲದ ಕಡೆ ಹಡಗಿನ ಒಳಮೈ ಹೇಗಿತ್ತು ಎಂದು ಹೇಳುವುದು ಆ ಸಾಲುಗಳೇ. ಒಂದು ಗಟ್ಟಿಯನ್ನು ಎತ್ತಿದಿರೋ, ಅದು ಕೂತ ಜಾಗ ಮತ್ತೆ ಸಿಗುವುದಿಲ್ಲ. ಅದಕ್ಕೇ ಅಷ್ಟೊಂದು ಸಲ ಮುಳುಗಿ ಟೇಪು, ಪೆನ್ಸಿಲ್, ಕ್ಯಾಮೆರಾದಲ್ಲಿ ದಾಖಲಿಸಿದರು.

ಡಿಜಿಟಲ್ ವಿಧಾನ ಬೇಡ ಅಂತ ನಾನು ಹೇಳುತ್ತಿಲ್ಲ. ಸೈಪ್ರಸ್‌ನ ಮಾಜೊಟೊಸ್ ಹಡಗು ಕೂಡ 44 ಮೀಟರ್ ಆಳದಲ್ಲಿದೆ. ಕ್ರಿ.ಪೂ. 4ನೇ ಶತಮಾನದ್ದು, ಕಿಯೊಸ್ ದ್ವೀಪದ ದ್ರಾಕ್ಷಾರಸದ ಹೂಜಿಗಳ ರಾಶಿ. ಅಲ್ಲಿ ಫೋಟೊಗಳಿಂದಲೇ ನಕ್ಷೆ ಬರುತ್ತದೆ. ಆ ಆಳದಲ್ಲಿ ಉಳಿತಾಯವಾಗುವ ಒಂದೊಂದು ನಿಮಿಷವೂ ದೊಡ್ಡ ಲಾಭ. ಆದರೆ ಇಂಥ ಕೆಲಸದಲ್ಲಿ ಮೊದಲು ಸುತ್ತಲೂ ಅಲುಗದ ಗುರುತು ನೆಡಬೇಕು. ಗುರುತಿನಿಂದ ಗುರುತಿಗೆ ಟೇಪು ಹಿಡಿಯಬೇಕು, ಒಂದೊಂದರ ಆಳ ಬರೆದುಕೊಳ್ಳಬೇಕು. ಆಮೇಲೆ ಕ್ಯಾಮೆರಾ. ಗದ್ದೆ ಉಳುವ ಹಾಗೆ ಸಾಲು ಸಾಲಾಗಿ ಈಜಿ, ಒಂದು ಫೋಟೊ ಇನ್ನೊಂದರ ಮೇಲೆ ಮುಕ್ಕಾಲು ಪಾಲು ಕೂರುವ ಹಾಗೆ ತೆಗೆಯಬೇಕು. ನಂತರ ಅಡ್ಡಸಾಲು, ಕೊನೆಗೆ ಓರೆಯಾಗಿ ಒಂದು ಸುತ್ತು. ಕೆಲವು ಅಳತೆಗಳನ್ನು ಸಾಫ್ಟ್‌ವೇರ್‌ಗೆ ಕೊಡದೆ ಬಚ್ಚಿಡಬೇಕು. ಮಾಡೆಲ್ ಬಂದ ಮೇಲೆ ಅವುಗಳ ಜೊತೆ ತಾಳೆ ನೋಡಬೇಕು. ಈ ಒಂದು ಹೆಜ್ಜೆ ಬಿಟ್ಟವರ ಮಾಡೆಲನ್ನು ನಾನು ತೆರೆದೂ ನೋಡುವುದಿಲ್ಲ.

ಹಲಗೆಯ ಮೇಲಿನ ಉಳಿಯ ಗೆರೆ, ಜೋಡಣೆಯ ತೂತಿನೊಳಗೆ ಕೂತ ಮರದ ನಾಲಿಗೆ, ಇವನ್ನು ಈಗಲೂ ಮನುಷ್ಯನೇ ಮೂಗು ತಾಗಿಸಿ ನೋಡಿ ಬರೆಯಬೇಕು. ಮೂಲ ಫೋಟೊಗಳನ್ನು ದಯವಿಟ್ಟು ಅಳಿಸಬೇಡಿ. ಬಣ್ಣ ತಿದ್ದಿದ್ದನ್ನು ಮಾತ್ರ ಇಟ್ಟುಕೊಂಡರೆ ನಾಳೆ ಒಳ್ಳೆಯ ಸಾಫ್ಟ್‌ವೇರ್ ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆ: ಫೋನಿನ ಲೈಡಾರ್ ಸಾಕಾಗುವುದಿಲ್ಲವೇ?

ಇಲ್ಲ. ಲೈಡಾರ್ ಅಂದರೆ ಬೆಳಕು ಬಿಟ್ಟು ದೂರ ಅಳೆಯುವ ಸಾಧನ. ಅದು ಬಳಸುವ ಇನ್‌ಫ್ರಾರೆಡ್ ಬೆಳಕನ್ನು ನೀರು ಕುಡಿದುಬಿಡುತ್ತದೆ.

ಪ್ರಶ್ನೆ: ಕಿಲೋಮೀಟರ್ ದೂರದಿಂದಲೇ ಸಮುದ್ರದಡಿಯ ಚಿನ್ನ ತೋರಿಸುವ ಯಂತ್ರ ಮಾರುತ್ತಿದ್ದಾರೆ. ಕೊಳ್ಳಬಹುದಾ?

ಅಂಜನ ಹಾಕಿ ನಿಧಿ ತೋರಿಸುವವರಿಗೂ ಇವರಿಗೂ ವ್ಯತ್ಯಾಸ ಬ್ಯಾಟರಿ ಮಾತ್ರ. ಅಂಥ ಯಂತ್ರ ಇಲ್ಲ. ದುಡ್ಡು ಹೋಗುತ್ತದೆ, ಅದನ್ನು ನಂಬಿ ಅಗೆಯಲು ಹೊರಟರೆ ಪೊಲೀಸರೂ ಬರುತ್ತಾರೆ. ನಿಧಿಯ ಆಸೆಗೆ ಹಡಗು ಕೆದಕುವವರು ಪುಸ್ತಕ ಹರಿದು ರಟ್ಟು ಒಯ್ಯುವವರು.

ಪ್ರಶ್ನೆ: ಡೈವ್ ಮಾಡುವಾಗ ಮಡಕೆ ಚೂರು ಸಿಕ್ಕಿದರೆ ನೆನಪಿಗೆ ಒಂದು ತರಬಹುದಾ?

ಬೇಡ. ಮುಟ್ಟಲೂ ಬೇಡಿ. ಜಾಗ ಗುರುತಿಸಿ ಪುರಾತತ್ವ ಇಲಾಖೆಗೆ ತಿಳಿಸಿ.

ಪ್ರಶ್ನೆ: ಇದನ್ನು ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಮೊದಲು ಕ್ಯಾಮೆರಾ ಇಲ್ಲದೆ ಚೆನ್ನಾಗಿ ಡೈವ್ ಮಾಡಲು ಕಲಿಯಿರಿ. ಈ ವಿಷಯದಲ್ಲಿ ನಾನು ಜಾಸ್ತಿ ಹೆದರುವವನು. ಕ್ಯಾಮೆರಾದ ಪರದೆ ನೋಡುತ್ತಾ ಗಾಳಿಯ ಮೀಟರ್ ಮರೆತವರನ್ನು ಕಂಡಿದ್ದೇನೆ. ನೂರು ಡೈವ್ ಆಗದವರ ಕೈಗೆ ನಾನು ಕ್ಯಾಮೆರಾ ಕೊಡುವುದಿಲ್ಲ.

ಅಲ್ಲಿಯವರೆಗೆ ಈಜುಕೊಳ ಸಾಕು. ತಳದ ಒಂದೇ ಥರದ ಟೈಲ್ಸ್ ಸಾಫ್ಟ್‌ವೇರನ್ನು ದಾರಿ ತಪ್ಪಿಸುತ್ತದೆ, ಅದಕ್ಕೆ ಕಲೆಗಳಿರುವ ಹಳೆಯ ಟಾರ್ಪಾಲ್ ಹಾಸಿ. ಮೇಲೆ ಹತ್ತು ಮಂಗಳೂರು ಹೆಂಚು ಇಟ್ಟು, ಅವುಗಳ ನಡುವಿನ ಹತ್ತು ಅಳತೆ ಬರೆದುಕೊಳ್ಳಿ. ಐದನ್ನು ಸಾಫ್ಟ್‌ವೇರ್‌ಗೆ ಕೊಡಿ, ಐದನ್ನು ಬಚ್ಚಿಡಿ. ಬಚ್ಚಿಟ್ಟ ಐದೂ ಒಂದು ಸೆಂಟಿಮೀಟರ್ ಒಳಗೆ ಹೊಂದಿದ ದಿನ ನನಗೆ ಬರೆಯಿರಿ.