ಟ್ಯಾಬ್ ಬೀರುವಿನಲ್ಲಿ, ಮಗನ ಮಾತೂ ಅಲ್ಲೇ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಒಂದು ವರ್ಷದಿಂದ ಟ್ಯಾಬ್‌ನಲ್ಲಿ ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಬಳಸುತ್ತಿದ್ದಾನೆ. ಮನೆಯಲ್ಲಿ ‘ನೀರು’, ‘ಸಾಕು’, ‘ಅಜ್ಜಿ ಬಾ’ ಎಲ್ಲ ಹೇಳುತ್ತಾನೆ. ಶಾಲೆಯಲ್ಲಿ ಟೀಚರ್ ಅದನ್ನು ಬೀರುವಿನಲ್ಲಿಟ್ಟು ಊಟದ ಹೊತ್ತಿಗಷ್ಟೇ ಕೊಡುತ್ತಾರೆ. ‘ಬಸ್ ಬಸ್’ ಎಂದು ಒತ್ತುತ್ತಲೇ ಇರುತ್ತಾನೆ, ಬೇರೆ ಮಕ್ಕಳಿಗೆ ತೊಂದರೆ ಅನ್ನುತ್ತಾರೆ. ಟ್ಯಾಬ್ ರೂಢಿಯಾದರೆ ಮಾತು ಬರುವುದೇ ಇಲ್ಲ ಎಂದು ಅತ್ತೆಯ ಆತಂಕ. ಮೂರು ಶಾಲೆ ತಿರುಗಿದ ಮೇಲೆ ಸಿಕ್ಕ ಸೀಟು ಇದು. ಜೋರು ಮಾಡಿದರೆ ಮಗನ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಭಯ. ಸುಮ್ಮನಿದ್ದುಬಿಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸುಮ್ಮನಿರಬೇಡಿ. ಆದರೆ ಜಗಳಕ್ಕೆ ಮೊದಲು ಮಾಡುವ ಕೆಲಸ ಬೇಕಾದಷ್ಟಿದೆ, ಅದರಲ್ಲಿ ಅರ್ಧ ನಿಮ್ಮ ಕೈಯಲ್ಲೇ ಇದೆ.

ಅತ್ತೆಯವರಿಗೆ ಇಷ್ಟು ಹೇಳಿ. ಟ್ಯಾಬ್‌ನಂತೆಯೇ ಮಾತಿಗೆ ಪರ್ಯಾಯವಾದ ಕೈಸನ್ನೆ, ಚಿತ್ರದ ಕಾರ್ಡುಗಳನ್ನು ಕಲಿತವರ ಮಾತಿಗೆ ಏನಾಯಿತು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು 2006ರಲ್ಲಿ ಪರಿಶೀಲಿಸಿದ್ದರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ತುಸುವಾದರೂ ಬೆಳೆದಿತ್ತು. ಮಾತು ಬಂದರೆ ಬರಲಿ. ಅಲ್ಲಿಯವರೆಗೆ ಹೊಟ್ಟೆನೋವು ಬಂದರೆ ಹೇಳಿಕೊಳ್ಳಲು ಅವನಿಗೊಂದು ದಾರಿ ಬೇಕಲ್ಲ.

ಇನ್ನು ‘ಬಸ್’. ಅವನು ಯಾವ ಹೊತ್ತಿಗೆ ಒತ್ತುತ್ತಾನೆ ಎಂದು ಒಂದು ವಾರ ಡೈರಿಯಲ್ಲಿ ಗುರುತು ಹಾಕಲು ಟೀಚರನ್ನು ಕೇಳಿ. ಊಟದ ನಂತರ ಹೆಚ್ಚಾಗುತ್ತಿದ್ದರೆ ಅದು ‘ಮನೆಗೆ ಯಾವಾಗ’ ಎಂಬ ಪ್ರಶ್ನೆಯಿರಬಹುದು. ‘ಯಾವಾಗ’ ಎಂಬ ಬಟನ್ ಅವನ ಪುಟದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಪಾಪ, ಇದ್ದ ಒಂದೇ ಪದದಲ್ಲಿ ಅವನು ಎಲ್ಲವನ್ನೂ ಕೇಳುತ್ತಿದ್ದಾನೆ. ಟೀಚರ್ ಅದನ್ನು ಮಾತೆಂದೇ ತಿಳಿದು ‘ಮೊದಲು ಡ್ರಾಯಿಂಗ್, ಆಮೇಲೆ ಬಸ್’ ಎನ್ನುತ್ತ ಆ ಬಟನ್‌ಗಳನ್ನು ತಾವೇ ಒತ್ತಿ ತೋರಿಸಲಿ. ಡೆಸ್ಕಿನ ಮೇಲೆ ದಿನದ ಪಿರಿಯಡ್‌ಗಳ ಚಿತ್ರಪಟ್ಟಿ ಅಂಟಿಸಿ, ಕೊನೆಯಲ್ಲಿ ಬಸ್ಸಿನ ಚಿತ್ರವಿಡಿ. ಮುಗಿದ ಪಿರಿಯಡ್ಡಿನ ಚಿತ್ರವನ್ನು ಅವನೇ ಕಿತ್ತು ಡಬ್ಬಿಗೆ ಹಾಕಲಿ. ಬಸ್ಸು ಹತ್ತಿರವಾಗುವುದು ಅವನ ಕಣ್ಣಿಗೆ ಕಾಣಬೇಕು. ಸದ್ದು ಜಾಸ್ತಿಯಾದರೆ ವಾಲ್ಯೂಮ್ ಎರಡು ಹಂತ ಇಳಿಸಬಹುದು. ಕಿತ್ತಿಟ್ಟುಕೊಳ್ಳುವುದು ಮಾತ್ರ ಬೇಡ, ಶಿಕ್ಷೆಯಾಗಿಯಂತೂ ಬೇಡವೇ ಬೇಡ. ವಟವಟ ಎನ್ನುವ ಬೇರೆ ಮಕ್ಕಳ ಬಾಯಿಗೆ ಯಾರೂ ಪ್ಲಾಸ್ಟರ್ ಅಂಟಿಸುವುದಿಲ್ಲ.

ಟೀಚರ್ ಹತ್ತಿರ ಮಾತಾಡುವ ಮುನ್ನ ಟ್ಯಾಬನ್ನು ನೀವೇ ಪರೀಕ್ಷೆ ಮಾಡಿ. ಅದರಲ್ಲಿ ಯೂಟ್ಯೂಬ್ ಇದ್ದರೆ ಟೀಚರ್ ಕಣ್ಣಿಗೆ ಅದು ಆಟದ ಸಾಮಾನೇ. ಮಾತಿಗೆಂದೇ ಬೇರೆ ಟ್ಯಾಬ್ ಇಡಲು ಆಗದಿದ್ದರೆ ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’, ಐಪ್ಯಾಡ್‌ನಲ್ಲಿ ‘ಗೈಡೆಡ್ ಆ್ಯಕ್ಸೆಸ್’ ಆನ್ ಮಾಡಿ, ಪಾಸ್‌ಕೋಡ್ ಇಡಿ. ಆ ಆ್ಯಪ್ ಬಿಟ್ಟು ಹೊರಗೆ ಹೋಗಲು ಬರುವುದಿಲ್ಲ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ನಾಲ್ಕು ಬಟನ್ ಒತ್ತಿ. ಮನೆಯ ವೈಫೈಯಲ್ಲಿ ಚೆನ್ನಾಗಿ ಉಲಿಯುವ ಕನ್ನಡ ದನಿ ಶಾಲೆಯಲ್ಲಿ ಮೂಕಾಗುವುದು ಸಾಮಾನ್ಯ, ಏಕೆಂದರೆ ದನಿ ಟ್ಯಾಬ್‌ಗೆ ಇಳಿದಿರುವುದಿಲ್ಲ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಟೆಕ್ಸ್ಟ್ ಟು ಸ್ಪೀಚ್‌ಗೆ ಹೋಗಿ ಕನ್ನಡ ದನಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕವರ್ ಸ್ಪೀಕರಿನ ತೂತು ಮುಚ್ಚಿದೆಯೇ ನೋಡಿ. ಹೆಗಲಿಗೆ ಹಾಕುವ ಪಟ್ಟಿ ಹೊಲಿಸಿ, ಟ್ಯಾಬ್ ಅವನ ಮೈಮೇಲೇ ಇದ್ದರೆ ಬೀರುವಿನ ಮಾತೇ ಬರುವುದಿಲ್ಲ. ಮೊದಲ ಪುಟದ ಸ್ಕ್ರೀನ್‌ಶಾಟನ್ನು ಎ4 ಅಳತೆಗೆ ಪ್ರಿಂಟ್ ಹಾಕಿಸಿ ಎರಡು ಪ್ರತಿ ಲ್ಯಾಮಿನೇಟ್ ಮಾಡಿಸಿ. ಒಂದು ಬ್ಯಾಗಿನಲ್ಲಿರಲಿ, ಇನ್ನೊಂದು ಕ್ಲಾಸಿನ ಗೋಡೆಗೆ. ಚಾರ್ಜ್ ಮುಗಿದಾಗ, ಮಳೆ ಬಂದಾಗ, ಮೈದಾನದಲ್ಲಿ ಅದೇ ಆಸರೆ.

ಕನ್ನಡದ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಚೆನ್ನೈನಲ್ಲಿ ತಯಾರಾದ ಆವಾಜ್, ಐಐಟಿ ಬಾಂಬೆಯವರ ಜೆಲ್ಲೋ ಹೀಗೆ ನಮ್ಮಲ್ಲೇ ಆದ ಆ್ಯಪ್‌ಗಳಿವೆ, ಹೊರಗಿನವೂ ಇವೆ. ನೀವು ಬಳಸುವುದು ಇಂಗ್ಲಿಷ್ ವಾಕ್ಯದ ಅಳತೆಗೆ ಹೊಲಿದ ಪುಟವಾದರೆ ‘ನಾನು’, ‘ಬೇಕು’ ಎಡಕ್ಕಿದ್ದು ವಸ್ತುಗಳು ಬಲಕ್ಕಿರುತ್ತವೆ. ಎಡದಿಂದ ಒತ್ತುತ್ತ ಹೋದರೆ ‘ನಾನು ಬೇಕು ನೀರು’ ಎಂದು ಕೇಳಿಸುತ್ತದೆ. ಸರಿ ಮಾಡಲು ಹೋಗಿ ಬಟನ್‌ಗಳ ಜಾಗ ಬದಲಿಸಬೇಡಿ. ಮಗುವಿನ ಬೆರಳು ಕಲಿತಿರುವುದು ಜಾಗವನ್ನು. ಖಾಲಿ ಚೌಕದಲ್ಲಿ ‘ನನಗೆ’ ಸೇರಿಸಿ. ಅವನು ‘ಬೇಕು ನೀರು’ ಎಂದರೆ ಮೊದಲು ನೀರು ಕೊಡಿ, ಕೊಡುತ್ತ ‘ನೀರು ಬೇಕಾ? ತಗೋ’ ಎಂದು ನೀವು ಆ ಕ್ರಮದಲ್ಲಿ ಒತ್ತಿ ತೋರಿಸಿ. ತಿದ್ದುಪಡಿ ಅಷ್ಟೇ ಸಾಕು.

ನಿಮ್ಮ ಭಯದ ವಿಷಯ. ಆ ಟ್ಯಾಬಿನಲ್ಲಿ ಊಟ, ನೀರು, ಟಾಯ್ಲೆಟ್ ಬಿಟ್ಟು ಏನಿದೆ? ‘ಬೇಡ’, ‘ನಿಲ್ಲಿಸು’, ‘ಗೊತ್ತಾಗ್ಲಿಲ್ಲ’, ‘ನೋವು’, ‘ಭಯ’, ‘ಹೊಡೆದರು’, ‘ಬೈದರು’, ಗುಪ್ತಾಂಗ ಸೇರಿ ದೇಹದ ಭಾಗಗಳು, ಟೀಚರ್, ಆಯಾ, ಸಹಪಾಠಿಗಳ ಹೆಸರು – ಇವತ್ತೇ ಸೇರಿಸಿ. ದೊಡ್ಡವರ ಮೇಲೆ ದೂರು ಹೇಳುವ ಪದ ಮಗುವಿನ ಹತ್ತಿರ ಇರಲೇಬೇಕು, ಹೇಗೆ ಬಳಸುವುದು ಎಂಬುದನ್ನೂ ಅವನು ಕಂಡಿರಬೇಕು. ಕಾಲು ಎಡವಿದಾಗ ‘ಕಾಲು ನೋವು’ ಎಂದು ನೀವೇ ಒತ್ತಿ. ಆದರೆ ಮನೆಗೆ ಬಂದವನನ್ನು ‘ಟೀಚರ್ ಹೊಡೆದ್ರಾ?’ ಎಂದು ಕೆದಕಬೇಡಿ. ಉತ್ತರ ನಿಮ್ಮ ಪ್ರಶ್ನೆಯದೇ ಆಗಿಬಿಡುತ್ತದೆ. ‘ಇವತ್ತು ಏನಾಯ್ತು?’ ಎಂದು ಕೇಳಿ ಬಿಡಿ.

ಟೀಚರಿಗೆ ನಲವತ್ತು ಮಕ್ಕಳಿದ್ದರೆ ದೊಡ್ಡ ಪಟ್ಟಿ ಕೊಟ್ಟು ಉಪಯೋಗವಿಲ್ಲ. ಎರಡನ್ನೇ ಕೇಳಿ. ಹಾಜರಿ ಕರೆದಾಗ ಅವನು ‘ಎಸ್ ಮಿಸ್’ ಬಟನ್ ಒತ್ತಲಿ. ದಿನವೂ ಬರುವ, ಎಲ್ಲರೂ ಹೇಳುವ ಮಾತು ಅದು. ಇನ್ನು ಯಾವುದಾದರೂ ಒಂದು ಪಿರಿಯಡ್ಡಿನಲ್ಲಿ ಟೀಚರ್ ತಾವು ಮಾತಾಡುತ್ತ ‘ನೋಡು’, ‘ಇನ್ನೂ’, ‘ಆಯ್ತು’ ಹೀಗೆ ಮೂರ್ನಾಲ್ಕು ಪದಗಳನ್ನು ಟ್ಯಾಬಿನಲ್ಲೂ ತೋರಿಸಲಿ. ‘ಆನೆ ಎಲ್ಲಿ ತೋರಿಸು’ ಎಂಬ ಪರೀಕ್ಷೆ ಬೇಡ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಲಿ. ಅವನ ಕೈ ಹಿಡಿದು ಒತ್ತಿಸಿದರೆ ಅದು ಟೀಚರ್ ಮಾತು, ಅವನದಲ್ಲ. ಇವನ್ನು ತೋರಿಸಿಕೊಡಲು ನಿಮ್ಮ ವಾಕ್ ತಜ್ಞರು ಅರ್ಧ ಗಂಟೆ ಶಾಲೆಗೆ ಬರುವಂತಿದ್ದರೆ ಉತ್ತಮ. ಪದಗಳ ಪುಟವನ್ನೇ ಹೊಸದಾಗಿ ಕಟ್ಟಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ.

ಇದಕ್ಕೆ ಆರು ವಾರ ಕೊಡಿ. ಆಮೇಲೂ ಟ್ಯಾಬ್ ಬೀರುವಿನಲ್ಲೇ ಇದ್ದರೆ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆದು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ‘ಸಂವಹನ’ ಎಂಬುದಕ್ಕೆ ಕೊಟ್ಟ ಅರ್ಥದಲ್ಲೇ ಇಂಥ ಪರ್ಯಾಯ ವಿಧಾನಗಳು ಸೇರಿವೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂಬುದು 16ನೇ ಕಲಮಿನಲ್ಲಿದೆ. ಖಾಸಗಿ ಎಂದು ಜಾರಿಕೊಳ್ಳುವಂತಿಲ್ಲ. ಅದಕ್ಕೂ ಜಗ್ಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಆ ಆರು ವಾರ ಡೈರಿಯನ್ನು ಬಿಡಬೇಡಿ: ದಿನಾಂಕ, ಏನು ಹೇಳಿದ, ಯಾರು ಉತ್ತರ ಕೊಟ್ಟರು. ಅವನು ಬೀರುವಿನ ಕಡೆ ಕೈ ತೋರಿಸಿದ್ದರೆ ಅದನ್ನೂ ಮಾತಿನ ಸಾಲಿನಲ್ಲೇ ಬರೆಯಲು ಟೀಚರಿಗೆ ಹೇಳಿ.